ಮೂರನೆಯ ಸಿಗ್ನಲ್

ಚಳಿಗಾಲದ ಕೊನೆಗೆ ಆಲ್ಪ್ಸ್ ಪರ್ವತಕ್ಕೆ ಹೋಗುವವರಿದ್ದೆವು. ಹಿಮ ಕುಸಿದು ಒಬ್ಬರಿಗಿಂತ ಹೆಚ್ಚು ಜನ ಹೂತುಹೋದರೆ ಹುಡುಕುವುದು ಹೇಗೆಂದು ಕಲಿಸಲು, ನಮ್ಮ ಚಾರಣದ ಗುಂಪಿನ ಹಿರಿಯರೊಬ್ಬರು ಒಂದು ಭಾನುವಾರ ಬೆಳಿಗ್ಗೆ ನಾವಿರುವ ಐರಿಷ್ ಊರಿನ ಫೀನಿಕ್ಸ್ ಪಾರ್ಕಿಗೆ ಬರಹೇಳಿದರು. ಕ್ಯಾಸಲ್‌ನಾಕ್‌ನ ನನ್ನ ಮನೆಯಿಂದ ಆಫೀಸಿನ ಗೆಳತಿಯ ಜೊತೆ ನಡೆದೇ ಹೋದೆ. ಅವಳು ಮೈಸೂರಿನವಳು. ಹಿಮವೆಲ್ಲಿಂದ ತರುವುದು? ಬಿದ್ದ ಎಲೆಗಳ ರಾಶಿಯೇ ನಮಗೆ ಹಿಮ.

ಎದೆಗೆ ಕಟ್ಟಿಕೊಳ್ಳುವ ಯಂತ್ರ ಅಂಗೈಯಗಲ. ಸುಮ್ಮನಿದ್ದಾಗ ಅದು ಸಿಗ್ನಲ್ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ, ಉಳಿದವರೆಲ್ಲ ತಮ್ಮದನ್ನು ‘ಸರ್ಚ್’ಗೆ ತಿರುಗಿಸಿ ಆ ಸಿಗ್ನಲ್ಲಿನ ಜಾಡು ಹಿಡಿಯಬೇಕು. ಒಬ್ಬರು ತಿರುಗಿಸಲು ಮರೆತರೂ ಸಾಕು, ಮೇಲೆ ನಿಂತವರೇ ಹೂತವರ ಲೆಕ್ಕಕ್ಕೆ ಸೇರುತ್ತಾರೆ.

"ಎರಡು ಯಂತ್ರ ಬಚ್ಚಿಟ್ಟಿದ್ದೇನೆ, ಹುಡುಕಿ" ಎಂದರು ಹಿರಿಯರು.

ನನ್ನ ಪರದೆ ಮೂರು ತೋರಿಸಿತು. ಮೊದಲು ಯಂತ್ರದ ಮೇಲೇ ಅನುಮಾನ ಬಂತು. ಎರವಲು ತಂದ ಹಳೆಯದು. ಆಮೇಲೆ ಗೆಳತಿಯ ಮೇಲೆ.

"ನಿಂದು ಸರ್ಚ್‌ನಲ್ಲಿದೆಯಾ?"

"ಇದೆ ಕಣೇ."

ಅವಳು ನನ್ನ ಮುಖ ನೋಡದೆ ಹೇಳಿದ್ದು ನನಗೆ ಸರಿಬರಲಿಲ್ಲ. "ಎಲ್ಲಿ, ತೋರ್ಸು" ಎಂದೆ.

ಯಂತ್ರ ಚಾಚಿದಳು. ಸರ್ಚ್‌ನಲ್ಲೇ ಇತ್ತು.

ಮೊದಲನೆಯದು ಮರದ ಬುಡದ ಎಲೆಗಳಡಿ ಸಿಕ್ಕಿತು. ಸಿಕ್ಕಿದ್ದನ್ನು ಮತ್ತೆ ತೋರಿಸದಿರಲು ಗುಂಡಿ ಒತ್ತಿದೆ. ಎರಡನೆಯದು ಬೆಂಚಿನ ಹಿಂದೆ ಸಿಕ್ಕಿತು. ಮೂರನೆಯದು ಇನ್ನೂ ಕರೆಯುತ್ತಲೇ ಇತ್ತು: ಹನ್ನೆರಡು ಮೀಟರ್. ನಿಂತೆ. ಒಂಬತ್ತಾಯಿತು. ಮತ್ತೆ ಹದಿನಾಲ್ಕು. ನಾನು ಹೆಜ್ಜೆ ಎತ್ತಿರಲಿಲ್ಲ. ಹೂತವರು ನಡೆದಾಡುವುದುಂಟೇ?

ತಲೆಯೆತ್ತಿದೆ. ಹಿರಿಯರು ಚಹಾದ ಫ್ಲಾಸ್ಕ್ ಹಿಡಿದು ಅತ್ತಿಂದಿತ್ತ ಅಡ್ಡಾಡುತ್ತಿದ್ದರು. ಬೆಟ್ಟಗಳಲ್ಲಿ ಎಷ್ಟೋ ಜನರನ್ನು ಕಾಪಾಡಿದವರು. ಅವರನ್ನು ಕೇಳುವುದು ಹೇಗೆ? ಕೊನೆಗೆ ಬಾಯಿಬಿಟ್ಟೆ.

"ದಯವಿಟ್ಟು, ನಿಮ್ಮದನ್ನೊಮ್ಮೆ ನೋಡಬಹುದೇ?"

ಅವರು ಜಾಕೆಟ್ಟಿನ ಜಿಪ್ ಎಳೆದರು. "ಗ್ರ್ಯಾಂಡ್" ಎಂದು ಇಲ್ಲಿಯವರ ಹಾಗೆ ಒಪ್ಪುತ್ತಲೇ ಯಂತ್ರ ನೋಡಿ, ಮಾತು ನಿಲ್ಲಿಸಿದರು. ಮುಖ ಕೆಂಪೇರಿತು. "ಇಲ್ಲ, ತಪ್ಪು ನನ್ನದೇ. ಇದು ಬೆಟ್ಟವಾಗಿದ್ದರೆ, ಬದುಕಿರುವ ನನ್ನನ್ನು ಹುಡುಕುತ್ತಾ ಕೆಳಗಿದ್ದವರನ್ನು ಕಳೆದುಕೊಳ್ಳುತ್ತಿದ್ದಿರಿ." ಸ್ವಿಚ್ ತಿರುಗಿಸಿದರು. ನನ್ನ ಪರದೆ ಖಾಲಿಯಾಯಿತು.

ನನಗೆ ಒಳಗೊಳಗೇ ಹೆಮ್ಮೆ. ವಾಪಸು ಹೋಗುವಾಗ ಗೆಳತಿ ಪಾರ್ಕಿನ ಗೇಟಿನ ಬಳಿ ನಿಂತಳು.

"ನಂಗೆ ತೋರ್ಸು ಅಂದೆ. ಅವ್ರಿಗೆ ನೋಡ್ಬಹುದಾ ಅಂತ ಕೇಳ್ದೆ."

"ಅವ್ರು ದೊಡ್ಡವ್ರಲ್ವಾ..."

"ಅದಲ್ಲ ಕಣೇ. ನಾನು ಇದೆ ಅಂದ್ಮೇಲೂ ನೀನು ನಂಬ್ಲಿಲ್ಲ."

ಸಾರಿ ಎಂದೆ. ಇರ್ಲಿ ಬಿಡು ಎಂದಳು. ಪ್ರವಾಸಕ್ಕೂ ಬಂದಳು. ಆದರೆ ನನ್ನ ಜೊತೆ ಒಂದೇ ಕೋಣೆಯಲ್ಲಿ ಉಳಿಯಬೇಕಿದ್ದವಳು, ಹೊರಡುವ ಮೊದಲೇ ಬೇರೆ ಕೋಣೆ ಮಾಡಿಕೊಂಡಿದ್ದಳು.