ಅತಾವುಲ್ಲಾ ಮೊಮ್ಮಗಳಿಗೆ ಗಾಡಿ ತಂದದ್ದು

ಕೊಪ್ಪದಿಂದ ಬಸರೀಕಟ್ಟೆಗೆ ಜೀಪು ಓಡಿಸುತ್ತಲೇ ಮುದುಕನಾದವನು ಅತಾವುಲ್ಲಾ. ಹತ್ತು ಜನ ಕೂರುವ ಕಡೆ ಇಪ್ಪತ್ತು ಜನರನ್ನು ತುಂಬಿ, ಹಿಂದೆ ನಾಲ್ಕು ಜನರನ್ನು ನೇತಾಡಿಸಿಕೊಂಡು, ಒಂದು ಕೈ ಸ್ಟೀರಿಂಗಿಗೆ ಇನ್ನೊಂದು ಕೈ ಬೀಡಿಗೆ ಅಂತ ಓಡಿಸಿದವನು. ಆದರೂ ಒಬ್ಬರನ್ನೂ ಕಂದಕಕ್ಕೆ ಹಾಕಿದವನಲ್ಲ. ಬಾಯಿ ಜೋರು, ಕೈ ಧಾರಾಳ. ನಮ್ಮೂರಿನ ಧರಣಿಗಳಿಗೆ ಶಾಮಿಯಾನದ ಗಳ, ಮೈಕು, ಚಿತ್ರಾನ್ನದ ಹಂಡೆ ಹೊತ್ತದ್ದು ಅವನ ಜೀಪೇ. ಅಂಗವಿಕಲರ ಮಾಸಾಶನಕ್ಕಾಗಿ ತಾಲೂಕು ಕಚೇರಿ ಎದುರು ಕೂತ ಸಲ, ನಡೆಯಲಾಗದವರನ್ನು ಊರೂರಿಂದ ಹತ್ತಿಸಿಕೊಂಡು ಬಂದು, ಒಬ್ಬೊಬ್ಬರನ್ನೂ ತಾನೇ ಎತ್ತಿ ಜಮಖಾನದ ಮೇಲೆ ಕೂರಿಸಿದ್ದ. ಘೋಷಣೆ ಕೂಗುವುದರಲ್ಲೂ ಅವನದೇ ಗಂಟಲು ಮುಂದೆ. ತನ್ನ ಮಗಳನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದಿದ್ದ.

ಮಗಳು ಅರ್ಶಿಯಾ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತು. ಬಲಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದರೆ ಮಾತ್ರ ಆ ಕಾಲು ನಿಲ್ಲುತ್ತದೆ, ಕೈ ಬಿಟ್ಟರೆ ಮೊಣಕಾಲು ಮಡಚಿಕೊಳ್ಳುತ್ತದೆ. ಹಾಗೆ ಒತ್ತಿ ಒತ್ತಿಯೇ ಅವಳು ನಡೆಯಲು ಕಲಿತಳು. ಆದರೆ ಆ ನಡಿಗೆ ಮನೆಯೊಳಗೆ. ಹೊರಗೆ ಹೊರಟರೆ ಜೀಪು. ಶಾಲೆಯ ಗೇಟಿಗೆ ಜೀಪು, ಆಸ್ಪತ್ರೆಗೆ ಜೀಪು, ಪಕ್ಕದ ಬೀದಿಯ ಮದುವೆಗೂ ಜೀಪು. ಮಗಳನ್ನು ರಾಣಿ ಹಾಗೆ ಸಾಕಿದ ಅಂತ ಊರು ಹೊಗಳಿತು. ಪಂಚಾಯಿತಿಯವರು ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ ಕೊಡುತ್ತೇವೆ ಬನ್ನಿ ಅಂದಾಗ, ‘ನಮಗೆ ಬೇಡ, ಗತಿ ಇಲ್ಲದವರಿಗೆ ಕೊಡಿ’ ಅಂದ. ಅದಕ್ಕೂ ಹೊಗಳಿಕೆ. ಅವನ ಕಾರಣ ಮಾತ್ರ ಅಷ್ಟು ದೊಡ್ಡದೇನಲ್ಲ. ಮಗಳು ಒಂದು ಕಡೆ ಬಾಗಿ, ತೊಡೆ ಒತ್ತಿಕೊಂಡು ಪೇಟೆಯಲ್ಲಿ ನಡೆಯುವುದನ್ನು ನಾಲ್ಕು ಜನ ನೋಡುವುದು ಅವನಿಗೆ ಬೇಡವಾಗಿತ್ತು. ಅದನ್ನೇ ಪ್ರೀತಿ ಅಂದುಕೊಂಡಿದ್ದ.

ಅರ್ಶಿಯಾಳನ್ನು ಮದುವೆಯಾದವನು ಶೃಂಗೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹಸೀಬ್. ಅವನಿಗೆ ಜೀಪೂ ಇಲ್ಲ, ಈ ಮುಜುಗರವೂ ಇಲ್ಲ. ಸಂಜೆ ಹೊಳೆ ಕಡೆಗೆ ಹೆಂಡತಿಯನ್ನು ನಡೆಸಿಕೊಂಡೇ ಹೋಗುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಅವಳು ಹೊಲಿಗೆ ಮೆಷಿನ್ ಹಾಕಿಕೊಂಡು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಹೆರಿಗೆಗೆ ತೌರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು, ರುಹಿ ಅಂತ ಹೆಸರಿಟ್ಟರು.

ಮಗುವಿಗೆ ಐದು ತಿಂಗಳು ತುಂಬಿ, ತಾಯಿಯನ್ನೂ ಮಗುವನ್ನೂ ಶೃಂಗೇರಿಗೆ ಕಳಿಸುವ ಹೊತ್ತು ಬಂತು. ಹಾಗೆ ಕಳಿಸುವಾಗ ತೌರಿನಿಂದ ತೊಟ್ಟಿಲು ಹೋಗಬೇಕು. ಅತಾವುಲ್ಲಾನ ಹೆಂಡತಿ ಶಕೀಲಾ ಬೀಟೆ ಮರದ್ದೇ ಆಗಬೇಕು ಅಂತ ಕೂತಿದ್ದಳು. ಅರ್ಶಿಯಾ ಒಪ್ಪಲಿಲ್ಲ.

“ತೊಟ್ಟಿಲು ಬೇಡ ಅಮ್ಮಿ. ಕೂರಿಸಿ ತಳ್ಳೋ ಗಾಡಿ ಕೊಡ್ಸಿ. ಮೂರು ಚಕ್ರದ್ದು.”

“ಬೀಗರು ನಗಲ್ವೇನೆ? ತೊಟ್ಟಿಲಿಲ್ಲದೆ ಕಳಿಸಿದ್ರು ಅಂತಾರೆ.”

“ನಗಲಿ ಬಿಡಿ. ತೊಟ್ಟಿಲನ್ನ ನಾನು ರಸ್ತೇಲಿ ತೂಗ್ಲಾ?”

ಅವಳ ಕಷ್ಟ ಬೇರೆ ಇತ್ತು. ನಡೆಯುವಾಗ ಒಂದು ಕೈ ತೊಡೆಗೆ ಬೇಕು. ಉಳಿದ ಒಂದು ಕೈಯಲ್ಲಿ ಕೊಸರಾಡುವ ಕೂಸನ್ನು ಹೊತ್ತು ನಡೆಯಲು ಧೈರ್ಯವಿಲ್ಲ. ಐದು ತಿಂಗಳಲ್ಲಿ ಅವಳು ತನ್ನ ಮಗುವನ್ನು ತಾನೇ ಎತ್ತಿಕೊಂಡು ಹೊಸ್ತಿಲು ದಾಟಿರಲಿಲ್ಲ. ಅಮ್ಮಿ ಹೊತ್ತಳು, ಎದುರು ಮನೆಯ ಅನ್ನಪೂರ್ಣಮ್ಮ ಹೊತ್ತರು, ಕೊನೆಗೆ ಹಾಲಿನ ಲೆಕ್ಕಕ್ಕೆ ಬಂದವಳೂ ಹೊತ್ತು ತಿರುಗಿದಳು. ಹೆತ್ತವಳು ಬಾಗಿಲಲ್ಲಿ ನಿಂತು ನೋಡಿದಳು. ಶೃಂಗೇರಿಯಲ್ಲೂ ಹೀಗೇ ಆದರೆ ಅಂಗಡಿಯೂ ಇಲ್ಲ, ಮೆಷಿನ್ನೂ ಇಲ್ಲ, ಮಗುವನ್ನು ಬೇರೆಯವರ ಕೈಗೆ ಕೊಟ್ಟು ಕೂತಿರುವುದೇ.

ಅತಾವುಲ್ಲಾ ಶಕೀಲಾಳನ್ನು ಜೀಪಿಗೆ ಹತ್ತಿಸಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಪ್ರಸನ್ನಕುಮಾರನ ಅಂಗಡಿಗೆ ಹೋದ. ಮಕ್ಕಳ ಸೈಕಲ್ಲು, ಕುರ್ಚಿ, ಆಟದ ಸಾಮಾನು ಮಾರುವ ಅಂಗಡಿ. ಎರಡು ಗಾಡಿ ಇದ್ದವು. ಒಂದು ನಾಲ್ಕು ಚಕ್ರದ್ದು: ತಿಳಿ ನೀಲಿ ಬಣ್ಣ, ಸುತ್ತ ಲೇಸು ಇಳಿಬಿಟ್ಟ ಮೇಲ್ಗವಸು, ಒತ್ತಿದರೆ ಹಾಡುವ ಗುಂಡಿ. ಇನ್ನೊಂದು ಮೂರು ಚಕ್ರದ್ದು. ಯಾವುದೋ ಎಸ್ಟೇಟಿನವರು ಹೇಳಿ ತರಿಸಿ, ಆಮೇಲೆ ಈ ಕಡೆ ಬಾರದೆ ಹೋದದ್ದರಿಂದ ಮೂಲೆ ಹಿಡಿದಿತ್ತು. ಮುಂದೆ ಒಂದು ದೊಡ್ಡ ಚಕ್ರ, ಹಿಂದೆ ಎರಡು, ಗಾಳಿ ತುಂಬುವ ಟೈರು, ಹಿಡಿಯಲ್ಲಿ ಸೈಕಲ್ಲಿನ ಹಾಗೆ ಬ್ರೇಕು.

ಅತಾವುಲ್ಲಾ ಮಂಡಿಯೂರಿ ಕೂತು ನಾಲ್ಕು ಚಕ್ರದ್ದರ ಹೊಟ್ಟೆಯಡಿ ತಲೆ ಹಾಕಿದ. ಚಕ್ರ ಅಲ್ಲಾಡಿಸಿದ. ಮೇಲಿಂದ ಒತ್ತಿ ಸ್ಪ್ರಿಂಗ್ ನೋಡಿದ.

“ಏನ್ ಸಾಬ್ರೇ, ಮಗೂನ ಕೂರಿಸ್ತೀರೋ ಕಾಫಿ ಮೂಟೆ ಹಾಕ್ತೀರೋ?” ಅಂದ ಪ್ರಸನ್ನಕುಮಾರ.

“ಸುಮ್ನಿರು ಮಾರಾಯ. ನಿಂಗೆ ಬಣ್ಣ ಮಾರೋದು ಗೊತ್ತು, ಚಕ್ರದ ಬುಷ್ಷು ನೋಡೋದು ನಂಗೆ ಗೊತ್ತು.”

“ಅರ್ಶಿಯಾ ಮೂರು ಚಕ್ರದ್ದು ಅಂದಿದ್ಲು,” ಅಂತ ಶಕೀಲಾ ನೆನಪು ಮಾಡಿದಳು.

ಅವನು ಮೂಲೆಯ ಕಡೆ ನೋಡಿದ. ಪಂಚಾಯಿತಿ ಕೊಡುವ ಗಾಡಿ, ಅದರಲ್ಲಿ ಕೂತ ಜನ, ಅವರು ದಾಟುವಾಗ ಹಾದಿ ಬಿಟ್ಟು ಸರಿದು ಲೊಚಗುಟ್ಟುವವರ ಮುಖ, ಎಲ್ಲ ಒಟ್ಟಿಗೇ ಕಣ್ಣಿಗೆ ಬಂತು. ಕುಂಟುವ ತಾಯಿ, ಮುಂದೆ ಮೂರು ಚಕ್ರದ ಗಾಡಿ. ಜನಕ್ಕೆ ಮಾತಾಡಲು ಇನ್ನೇನು ಬೇಕು?

“ಮೂರು ಚಕ್ರ ತಿರುವಲ್ಲಿ ಮಗುಚ್ತದೆ. ಆಟೋ ಮಗುಚೋದು ನೋಡಿಲ್ವ? ನಾಲ್ಕು ಚಕ್ರದ್ದೇ ಕಟ್ಟು.”

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕಾರಣ ಅದಾಗಿರಲಿಲ್ಲ.

ಮನೆ ಮುಂದೆ ಗಾಡಿ ಇಳಿದಾಗ ಅರ್ಶಿಯಾ ಮಗುವನ್ನು ಅಮ್ಮಿಯ ಕೈಗೆ ಕೊಟ್ಟು, ಖಾಲಿ ಗಾಡಿ ಹಿಡಿದು, ಎಡಗೈಯೊಂದರಲ್ಲೇ ತಳ್ಳಿಕೊಂಡು ಮನೆ ಎದುರಿನ ಇಳಿಜಾರಿಗೆ ಹೋದಳು. ಬೆರಳುದ್ದದ ಆ ಪ್ಲಾಸ್ಟಿಕ್ ಚಕ್ರಗಳು ಜಲ್ಲಿಯ ಮೇಲೆ ಒಂದೊಂದೂ ಒಂದೊಂದು ಕಡೆ ತಿರುಗಿ, ಗಾಡಿ ಸೀದಾ ಚರಂಡಿಗೆ ಮೂಗು ಇಟ್ಟಿತು.

ಎದುರು ಮನೆಯ ಜಗಲಿಯಿಂದ ಅನ್ನಪೂರ್ಣಮ್ಮ ಕೂಗಿದರು: “ಎಂತ ಕೂಸೇ, ಗಾಡಿಗೆ ಕುಡಿಸಿದ್ಯಾ?”

ಅರ್ಶಿಯಾ ನಕ್ಕಳು. ಗಾಡಿ ಎಳೆದು ಮತ್ತೆ ಇಳಿಜಾರಿನಲ್ಲಿ ನಿಲ್ಲಿಸಿದಳು. “ಅಬ್ಬಾ, ಇಲ್ಲಿ ಬನ್ನಿ. ಇದ್ರ ಬ್ರೇಕ್ ಎಲ್ಲಿದೆ?”

“ಹಿಂದೆ, ಕೆಳಗೆ. ಕಾಲಲ್ಲಿ ತುಳಿಬೇಕು.”

“ಯಾವ ಕಾಲಲ್ಲಿ?”

ಅವನು ಮಗಳ ಕಾಲು ನೋಡಿದ. ಎಡಗಾಲಲ್ಲಿ ತುಳಿಯಬೇಕಾದರೆ ಬಲಗಾಲ ಮೇಲೆ ನಿಲ್ಲಬೇಕು. ಕೈ ಒತ್ತಿದರೂ ಇಳಿಜಾರಿನಲ್ಲಿ ಆ ಒಂದೇ ಕಾಲು ತಡೆಯುವುದಿಲ್ಲ; ತುಳಿಯುವ ಶಕ್ತಿಯಂತೂ ಅದಕ್ಕಿಲ್ಲ. ಚಕ್ರ, ಸ್ಪ್ರಿಂಗು, ಬುಷ್ಷು ಒಂದೂ ಬಿಡದೆ ನೋಡಿದವನು, ಘಾಟಿಯಲ್ಲಿ ಬ್ರೇಕಿನ ಮೇಲೆ ಬದುಕಿದವನು, ಬ್ರೇಕು ನೋಡಿರಲಿಲ್ಲ. ನೋಡುವುದು ಹೇಗೆ? ಗಾಡಿ ಕೊಳ್ಳುವಾಗ ಅವನ ಮನಸ್ಸಿನಲ್ಲಿ ತಳ್ಳುತ್ತಿದ್ದವರು ಹಸೀಬ್, ಶಕೀಲಾ, ಬೀಗಿತ್ತಿ, ಬೇಕಾದರೆ ತಾನು. ಮಗಳು ತಳ್ಳುವ ಚಿತ್ರ ಒಂದು ಸಲವೂ ಬಂದಿರಲಿಲ್ಲ.

“ನೀನ್ಯಾಕೆ ತಳ್ಬೇಕು? ಹಸೀಬ್ ಇಲ್ವಾ?”

“ಮತ್ತೆ ಯಾರಿಗೆ ತಂದ್ರಿ ಇದನ್ನ, ಹಸೀಬ್‌ಗಾ?”

“ಮೂರು ಚಕ್ರದ್ದು ಮಗುಚ್ತದೆ ಅಂತ…”

“ಓಡಿದ್ರೆ ಮಗುಚ್ತದೆ ಅಬ್ಬಾ. ನಾನು ಓಡ್ತೀನಾ?”

ಜಗಲಿಯಲ್ಲಿ ಅನ್ನಪೂರ್ಣಮ್ಮ ತಟ್ಟನೆ ಅಕ್ಕಿ ಆರಿಸುವುದರಲ್ಲಿ ಮುಳುಗಿದರು. ಅತಾವುಲ್ಲಾ ಗಾಡಿಯನ್ನು ಮಡಚಿ ಜೀಪಿಗೆ ಹಾಕಲು ಹೋದ. ಅರ್ಶಿಯಾ ಹೇಳಿದಳು, “ಜೀಪು ಬೇಡ. ನಡ್ಕೊಂಡೇ ಹೋಗೋಣ. ನಾನೂ ಬರ್ತೀನಿ, ನಾನೇ ನೋಡಿ ತಗೋತೀನಿ. ರುಹೀನ ನೀವು ಎತ್ಕೊಳ್ಳಿ, ಗಾಡೀನೂ ಹಿಡ್ಕೊಳ್ಳಿ.”

ಶಕೀಲಾ ಗಂಡನ ಮುಖ ನೋಡಿದಳು. ಇಷ್ಟು ವರ್ಷ ಅವಳೂ ಬಾಯಿ ಬಿಟ್ಟಿರಲಿಲ್ಲ. ಮಗುವನ್ನು ಅವನ ಹೆಗಲಿಗೆ ಹಾಕಿ ಒಳಗೆ ಹೋದಳು.

ಹೀಗೆ ಇಪ್ಪತ್ತಾರು ವರ್ಷದ ಮಗಳ ಜೊತೆ ಅತಾವುಲ್ಲಾ ಮೊದಲ ಸಲ ಕೊಪ್ಪದ ಪೇಟೆಯಲ್ಲಿ ನಡೆದ. ಜೊತೆ ಅನ್ನುವುದೂ ತಪ್ಪು. ಹತ್ತು ಮಾರು ಮುಂದೆ ನಡೆದ. ಬೇಗ ನಡೆಯಬೇಕು ಅಂತ ನಡೆದದ್ದಲ್ಲ, ಕಾಲೇ ಹಾಗೆ ಓಡಿತು. ಹಿಂದಿನಿಂದ ಅವಳ ಚಪ್ಪಲಿಯ ಸದ್ದು ಬರುತ್ತಿತ್ತು: ಒಂದು ಗಟ್ಟಿ, ಒಂದು ಎಳೆತ. ಬೇಕರಿಯವನು ತಲೆ ಎತ್ತಿದ. ಔಷಧಿ ಅಂಗಡಿಯಲ್ಲಿ ನಿಂತಿದ್ದ ಹೆಂಗಸರು ತಿರುಗಿದರು. ಬಹುಶಃ ಯಾರೂ ಏನೂ ಅಂದುಕೊಳ್ಳಲಿಲ್ಲ. ಅವನಿಗೆ ಮಾತ್ರ ಎಲ್ಲರೂ ತನ್ನನ್ನೇ ಬಿಚ್ಚಿ ನೋಡಿದ ಹಾಗಾಯಿತು.

ಹೋಟೆಲಿನ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಬೂತಪ್ಪ ಕೂಗಿದ. ಬಸರೀಕಟ್ಟೆ ಕಡೆಯವನು, ಅದೇ ಜೀಪಿನಲ್ಲಿ ಅರ್ಧ ಆಯುಷ್ಯ ಓಡಾಡಿದವನು.

“ಹೋಯ್ ಅತಾವುಲ್ಲಾ! ನೀನು ನಡೆಯೋದು ನೋಡಿ ನಂಗೆ ಗುರುತೇ ಸಿಗ್ಲಿಲ್ಲ ಮಾರಾಯ. ಜೀಪ್ ಕೆಟ್ಟಿತಾ?”

“ಹೌದು ಮಾರಾಯ,” ಅಂದ ಅತಾವುಲ್ಲಾ. “ಕ್ಲಚ್ ಪ್ಲೇಟ್ ಹೋಗಿದೆ.”

ಅಷ್ಟರಲ್ಲಿ ಅರ್ಶಿಯಾ ಹತ್ತಿರ ಬಂದಾಗಿತ್ತು. ಕೇಳಿಸಿತು ಅಂತ ಅವನಿಗೆ ಗೊತ್ತಾಯಿತು. ಅವಳು ಬೂತಪ್ಪನಿಗೆ ನಮಸ್ಕಾರ ಹೇಳಿ ಮುಂದೆ ಹೋದಳು.

ಪ್ರಸನ್ನಕುಮಾರ ನೀಲಿ ಗಾಡಿಯನ್ನು ತಕರಾರಿಲ್ಲದೆ ವಾಪಸು ತೆಗೆದುಕೊಂಡ. “ನಾಲ್ಕು ಚಕ್ರ ಸಾಕಾಗ್ಲಿಲ್ವ ಸಾಬ್ರೇ?” ಅಂದ. ಅರ್ಶಿಯಾ ಮೂಲೆಯ ಗಾಡಿಯ ಧೂಳು ಒರೆಸಿ, ಎಡಗೈಯಲ್ಲಿ ಹಿಡಿದು, ಅಂಗಡಿ ಎದುರಿನ ಏರಿನಲ್ಲಿ ಹತ್ತಿಸಿ ಇಳಿಸಿದಳು. ಗಾಡಿ ಹೇಳಿದ ಕಡೆ ಹೋಯಿತು. ಬೆರಳಲ್ಲಿ ಬ್ರೇಕ್ ಹಿಡಿದರೆ ನಿಂತಿತು. ಟೈರು ಒತ್ತಿ ನೋಡಿ, “ಸ್ವಲ್ಪ ಗಾಳಿ ಹೊಡೀರಿ ಅಣ್ಣ,” ಅಂದಳು. ಸೀಟು ಹಿಂದಕ್ಕೆ ಮಲಗಿಸಿ, ರುಹಿಯನ್ನು ಅಬ್ಬಾನ ಹೆಗಲಿಂದ ಇಳಿಸಿಕೊಂಡು ಕೂರಿಸಿ, ಬೆಲ್ಟು ಬಿಗಿದಳು.

ಹೊರಗೆ ಹೆಜ್ಜೆ ಇಡುತ್ತಲೇ ಅತಾವುಲ್ಲಾನ ಕೈ ಗಾಡಿಯ ಹಿಡಿಗೆ ಹೋಯಿತು.

“ಕೈ ಬಿಡಿ ಅಬ್ಬಾ.”

“ಇಳಿಜಾರು ಮಗಳೇ…”

“ಬಿಡಿ ಅಂದೆ.”

ಬಿಟ್ಟ. ಇಡೀ ಬಾಳು ಒಂದಲ್ಲ ಒಂದು ಹಿಡಿದೇ ಇದ್ದ ಆ ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ಜುಬ್ಬದ ಜೇಬಿಗೆ ತುರುಕಿದ. ಈಗ ಅವಳು ಮುಂದೆ, ಅವನು ಹಿಂದೆ. ಮಗಳ ಭುಜ ಒಂದೊಂದು ಹೆಜ್ಜೆಗೂ ಇಳಿದು ಏಳುವುದನ್ನು ಅವನು ಅಷ್ಟು ಹೊತ್ತು ಬಿಡದೆ ನೋಡಿದ್ದು ಅದೇ ಮೊದಲು. ಅವಳು ನಿಧಾನವಾಗಿ, ಯಾರಿಗೂ ಹೆದರದೆ, ಎದುರು ಬಂದ ಸ್ಕೂಟರಿಗೂ ಜಾಗ ಬಿಡದೆ ನಡೆದಳು. ಅವನ ಕಿವಿ ಸುಡುತ್ತಿತ್ತು. ಹೋಗುವಾಗ ಸುಟ್ಟದ್ದು ಮಗಳಿಂದಾಗಿ ಅಂದುಕೊಂಡಿದ್ದ. ಬರುವಾಗ ಹಾಗೆ ಅಂದುಕೊಳ್ಳಲು ದಾರಿಯಿರಲಿಲ್ಲ.

ಹೋಟೆಲಿನ ಎದುರು ಅರ್ಶಿಯಾ ಬೇಕಂತಲೇ ನಿಂತಳು. ಬ್ರೇಕ್ ಹಿಡಿದಳು.

“ನೋಡಿ ಬೂತಪ್ಪಣ್ಣ, ನನ್ನ ಮಗಳು.”

ಬೂತಪ್ಪ ಎದ್ದು ಬಂದು ಕೂಸಿನ ಕೆನ್ನೆ ಮುಟ್ಟಿದ. “ಅಜ್ಜನ ಮೂಗೇ ಬಂದಿದೆಯಲ್ಲ, ಎಂತ ಮಾಡೋದು ಪಾಪ!” ಅಂತ ನಕ್ಕು, ಅತಾವುಲ್ಲಾನ ಕಡೆ ತಿರುಗಿದ. “ಕ್ಲಚ್ ಪ್ಲೇಟ್ ಯಾವತ್ತು ಹಾಕಿಸ್ತೀಯ ಮಾರಾಯ? ನಾಳೆ ನಮ್ಮ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಬರ್ಬೇಕಿತ್ತು. ಬೇರೆ ಜೀಪಿಗೆ ಹೇಳ್ಲಾ?”

ಅರ್ಶಿಯಾ ಮಗುವಿನ ಟೋಪಿಯನ್ನೇ ನೋಡುತ್ತಿದ್ದಳು.

ಅತಾವುಲ್ಲಾ ಸಾವಿರ ಜನರೆದುರು ಮೈಕು ಹಿಡಿದು ಕೂಗಿದವನು. ಈಗ ಗಂಟಲಿಂದ ಬಂದದ್ದು ಪಿಸುಮಾತು. “ಜೀಪು ಸರಿಯಾಗೇ ಇದೆ.”

“ಮತ್ತೆ ಆಗ ಹಾಗಂದೆ?”

“ಹಾಗಂದೆ.”

ಬೂತಪ್ಪ ಅವನನ್ನು ನೋಡಿದ, ಅರ್ಶಿಯಾಳನ್ನು ನೋಡಿದ, ತೊಡೆಯ ಮೇಲೆ ಒತ್ತಿದ್ದ ಅವಳ ಕೈ ನೋಡಿದ. ಅವನಿಗೆ ಅರ್ಥವಾಯಿತು. ತಮಾಷೆಯ ಮಾತಿಗೆ ಹೆಸರಾದ ಮನುಷ್ಯ ಕೂಸಿನ ಕೆನ್ನೆಯನ್ನು ಇನ್ನೊಮ್ಮೆ ಮುಟ್ಟಿದ. “ಸರಿ, ಬೆಳಿಗ್ಗೆ ಬಾ ಹಂಗಾದ್ರೆ,” ಅಂತ ಬೆಂಚಿಗೆ ಹೋಗಿ ಕೂತ.

ಮಗಳು ಬೈದಿದ್ದರೆ ಅತಾವುಲ್ಲಾನಿಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ, ಹೋಗಲಿ ಬಿಡಿ ಅಂತಲೂ ಹೇಳಲಿಲ್ಲ. ಬ್ರೇಕ್ ಬಿಟ್ಟು ಗಾಡಿಯನ್ನು ಏರಿನ ಕಡೆಗೆ ತಿರುಗಿಸಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗದೆಯೇ ಕರೆದಳು.

“ಅಬ್ಬಾ, ಹಿಂದೆ ಎಂತ ಮಾಡ್ತಾ ಇದೀರಿ? ಈ ಕಡೆ ಬನ್ನಿ. ರುಹಿ ಕಣ್ಣಿಗೆ ಬಿಸಿಲು ಬೀಳ್ತಿದೆ, ಅಡ್ಡ ಬನ್ನಿ.”

ಅವನು ಹೋಗಿ ಬಿಸಿಲಿನ ಬದಿಗೆ ನಿಂತ. ಮಗುವಿನ ಮುಖದ ಮೇಲೆ ನೆರಳು ಬೀಳಬೇಕಾದರೆ ಗಾಡಿಗೆ ಸರಿಯಾಗಿ ಪಕ್ಕದಲ್ಲೇ, ಅವಳು ಹೆಜ್ಜೆ ಇಟ್ಟಾಗ ಇಡಬೇಕು, ನಿಂತಾಗ ನಿಲ್ಲಬೇಕು. ಮುಂದೆ ಓಡಿದರೂ ಹಿಂದೆ ಉಳಿದರೂ ಕೂಸು ಮುಖ ಕಿವುಚುತ್ತಿತ್ತು. ಪೇಟೆ ಮುಗಿಯುವವರೆಗೂ ಅವನು ತಲೆ ತಗ್ಗಿಸಿಕೊಂಡು ಹಾಗೇ ನಡೆದ.