ಮರದ ಅಣಬೆಯ ಪ್ರಸಾದ

ಮೊದಲು ಬಂದದ್ದು ಕೆಮ್ಮಲ್ಲ, ಸುಸ್ತು. ಬಾಣಂತಿತನದ ಸುಸ್ತು ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ. ಮಗಳು ಆಗಷ್ಟೇ ಮಗುಚಿಕೊಳ್ಳಲು ಕಲಿತಿದ್ದಳು. ಅವಳಿಗೆ ಹಾಲು ಕುಡಿಸಲು ಕೂತರೆ ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಸಂಜೆಯಾದರೆ ಸಣ್ಣಗೆ ಜ್ವರ, ಬೆಳಗಾಗುವ ಹೊತ್ತಿಗೆ ರವಿಕೆ ಹಿಂಡುವಷ್ಟು ಬೆವರು. ಆಮೇಲೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಮುಖ ತೊಳೆಯುತ್ತಾ ಕೆಮ್ಮಿದೆ. ಒಗೆಯುವ ಕಲ್ಲಿನ ಮೇಲೆ ರಕ್ತ ಬಿತ್ತು.

ಬೇಗಬೇಗ ನೀರು ಹೊಯ್ದು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನೋಡಿಬಿಟ್ಟಿದ್ದರು. ಒಳಗೆ ಹೋಗಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಬಂದ ಕೋಪ ಇಷ್ಟಿಷ್ಟಲ್ಲ.

ಅದು ಹೋದ ವರ್ಷ, ರಾಜ್ಯ ಒಂದಾದ ವರ್ಷ. ಚಾಮರಾಜನಗರದಲ್ಲಿ ನಮ್ಮ ಯಜಮಾನರದು ಅರಿಸಿನದ ಮಂಡಿ. ಅವರು ನನ್ನನ್ನು ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಊರಿನ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಟಿ.ಬಿ." ಅಂದರು. ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಬೆಳ್ಳಗೆ ಮಂಜು ಕವಿದ ಹಾಗೆ ಇತ್ತು.

"ಮೊದಲಿನ ಕಾಲ ಅಲ್ಲಮ್ಮ ಇದು. ಸ್ಟ್ರೆಪ್ಟೊಮೈಸಿನ್ ಇದೆ, ಮಾತ್ರೆ ಇದೆ. ನಡುವೆ ನಿಲ್ಲಿಸಬೇಡಿ, ಅಷ್ಟೆ."

"ಮಗು?" ಎಂದು ಕೇಳಿದೆ.

"ಮಗು ನಿಮ್ಮ ಹತ್ತಿರ ಇರಬಾರದು."

ಗುಂಡ್ಲುಪೇಟೆಯಿಂದ ನಮ್ಮಕ್ಕ ಬಂದು ಮಗಳನ್ನು ಕರೆದುಕೊಂಡು ಹೋದಳು. ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಜಟಕಾ ಬೀದಿ ತಿರುಗುವಾಗ ಅಕ್ಕನ ಹೆಗಲ ಮೇಲೆ ಮಗುವಿನ ಟೋಪಿ ಮಾತ್ರ ಕಂಡಿತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಎರಡು ಬಗೆಯ ಜ್ವರ ಒಟ್ಟಿಗೆ ಬಂತು. ಬದುಕಬೇಕು ಎಂದು ನನಗೆ ಅನ್ನಿಸುತ್ತಿದ್ದುದು ಒಂದೇ ಕಾರಣಕ್ಕೆ: ಅವಳನ್ನು ಇನ್ನೊಂದು ಸಲ ಎತ್ತಿಕೊಳ್ಳಬೇಕು.

ಇಂಜೆಕ್ಷನ್ ಶುರುವಾಯಿತು. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ತಲೆ ತಿರುಗು. ಮಾತ್ರೆಯ ಜೊತೆಗೆ ಕೊಡುತ್ತಿದ್ದ ಪುಡಿ ಹೊಟ್ಟೆಗೆ ಇಳಿದರೆ ಉಂಡದ್ದೆಲ್ಲ ಹೊರಗೆ. ಕೆಮ್ಮು ಕಡಿಮೆಯಾದರೂ ನಾನು ಕಡ್ಡಿಯಾದೆ. ಅನ್ನದ ವಾಸನೆಯೇ ಆಗುತ್ತಿರಲಿಲ್ಲ. ಯಜಮಾನರು ಬಾಗಿಲಾಚೆ ನಿಂತು, "ಎಂಗಿದ್ದೀಯೆ?" ಎಂದು ಕೇಳಿ ಮಂಡಿಗೆ ಹೋಗುತ್ತಿದ್ದರು. ಅವರಿಗೆ ಒಳಗೆ ಬರಲು ಭಯ, ಬರದೆ ಇರಲು ನಾಚಿಕೆ. ಕೋಣೆಯೊಳಗೆ ಬರುತ್ತಿದ್ದವರು ಅತ್ತೆ ಒಬ್ಬರೇ. ಬೂದಿ ಹಾಕಿಟ್ಟ ಕಫದ ಬೋಗುಣಿ ಎತ್ತುವವರು, ಬಟ್ಟೆ ಕುದಿಸುವವರು, ಗಂಜಿ ಇಟ್ಟು ನಾನು ಕುಡಿಯುವ ತನಕ ಅಲ್ಲಾಡದೆ ಕೂರುವವರು ಅವರೇ. ಮೊದಲು ನನ್ನ ಸಾರಿಗೆ ಉಪ್ಪು ಹೆಚ್ಚು ಎಂದು ಬೀದಿಗೆಲ್ಲ ಸಾರಿದವರೂ ಅವರೇ.

ಪುಣಜನೂರಿನ ಕಾಡಿನ ಕಡೆಯಿಂದ ಬೇದಮ್ಮ ಎಂಬ ಸೋಲಿಗರ ಹೆಂಗಸು ಜೇನು, ಸೀಗೆಕಾಯಿ ಮಾರಲು ಸಂತೆಗೆ ಬರುತ್ತಿದ್ದಳು. ಅತ್ತೆಗೆ ಹಳೆಯ ಪರಿಚಯ. ದೀಪಾವಳಿಯ ಸುಮಾರಿನಲ್ಲಿ ಅವಳು ಜಗುಲಿಯ ಮೇಲೆ ಒಂದು ಗಂಟು ಬಿಚ್ಚಿದಳು. ಒಳಗಿದ್ದದ್ದು ಮರದ ಚಕ್ಕೆಯಷ್ಟು ಗಟ್ಟಿ, ಮೇಲೆ ಅರಗು ಬಳಿದಂತೆ ಕೆಂಪಗೆ ಹೊಳೆಯುತ್ತಿತ್ತು. ಕಿಟಕಿಯಿಂದ ನನಗೆ ಕಾಣುತ್ತಿತ್ತು.

"ಮರದ ಅಣಬೆ ಕಣವ್ವ. ಜಜ್ಜಿ, ಕುದ್ಸಿ ಕುಡೀತೀವಿ. ಕೆಮ್ಮು, ಸುಸ್ತು, ಊಟ ಸೇರ್ದೆ ಇರಾದು, ಅದ್ಕೆಲ್ಲ ಒಳ್ಳೇದು. ನಿದ್ದೆ ಬತ್ತದೆ. ರಕ್ತ ಕಕ್ಕೋ ಕಾಯ್ಲೆಗೆ ನಂಗೊತ್ತಿಲ್ಲ. ಗೊತ್ತು ಅಂದ್ರೆ ಸುಳ್ಳಾಯ್ತದೆ."

ಅಣಬೆ! ನಮ್ಮ ಮನೆಯಲ್ಲಿ ಅದು ಮಾಂಸಕ್ಕೆ ಸಮ. ಮಳೆಗಾಲದಲ್ಲಿ ಹಿತ್ತಿಲಲ್ಲಿ ಒಂದು ಎದ್ದರೂ ಅತ್ತೆ ಪೊರಕೆಯಲ್ಲಿ ಗುಡಿಸಿ ಆಚೆ ಹಾಕುತ್ತಿದ್ದರು. ಈಗ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಒಳಗೆ ಬಂದರು. ಹಿತ್ತಿಲಲ್ಲಿ ಜಜ್ಜುವ ಸದ್ದು ಕೇಳಿತು. ಸಂಜೆ ಲೋಟದಲ್ಲಿ ಕಪ್ಪಗಿನ ಕಷಾಯ ತಂದರು.

ನಮ್ಮಲ್ಲಿ ಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗೆ ಇಡುವುದಿಲ್ಲ, ನೀರನ್ನೂ. ನಾನು ಕೊರಳ ಲಿಂಗಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

"ನೀ ಮುಟ್ಟುಸ್ಬ್ಯಾಡ ಕಣಮ್ಮಿ. ನಾನು ನನ್ ಲಿಂಗಕ್ಕೆ ತೋರುಸ್ತೀನಿ. ನೀ ಪ್ರಸಾದ ಅಂತ ಕುಡುದ್ಬುಡು. ದೋಷ ಬಂದ್ರೆ ನಂಗ್ ಬರ್ಲಿ."

ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಲ್ಲಿ ಲೋಟ ಎತ್ತಿ ತೋರಿಸಿ ಕಣ್ಣು ಮುಚ್ಚಿದರು. ನಾನು ಮೂಗು ಹಿಡಿದುಕೊಂಡು ಕುಡಿದೆ. ಬೇವಿಗಿಂತ ಕಹಿ. ಅರ್ಧಕ್ಕೇ ಸಾಕೆಂದು ಇಟ್ಟೆ. ಅತ್ತೆ ಲೋಟ ತೆಗೆದುಕೊಂಡು ಹೋದರು.

ದಿನವೂ ಹೀಗೆ ನಡೆಯಿತು. ದಿನವೂ ಅರ್ಧ ಉಳಿಯುತ್ತಿತ್ತು.

ಡಾಕ್ಟರಿಗೆ ಹೇಳಿದೆವು. ಅವರು ಗದರಲಿಲ್ಲ. "ಅದು ಏನು ಮಾಡುತ್ತೋ ನನಗೆ ಗೊತ್ತಿಲ್ಲ. ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ," ಅಂದರು. ಸ್ವಲ್ಪ ಸ್ವಲ್ಪವೇ ನಿದ್ದೆ ಬಂತು. ಆಮೇಲೆ ಹಸಿವು ಬಂತು. ಒಂದು ಮಧ್ಯಾಹ್ನ ನಾನಾಗಿಯೇ ಹುರುಳಿ ಸಾರು ಬೇಕೆಂದು ಕೇಳಿದೆ. ಅತ್ತೆ ಒಲೆಯ ಮುಂದೆ ಕೂತು ಅತ್ತುಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ಕೈಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಂತವು.

ಸಂತೆಯ ಮರುದಿನ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಮೊಮ್ಮಗಳನ್ನು ನೋಡಿ ಬರುವುದು ಅತ್ತೆಯ ವಾಡಿಕೆ. ಬಂದು ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದರು: ಹಲ್ಲು ಬಂತು, ಅಂಬೆಗಾಲಿಟ್ಟಳು, ಬೆಕ್ಕಿನ ಬಾಲ ಹಿಡಿದು ಎಳೆದಳು. ನಾನು ಅದನ್ನೇ ವಾರವಿಡೀ ನೆನೆದು ನೆನೆದು ನಗುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಹೋಗುವುದನ್ನು ನಿಲ್ಲಿಸಿದರು. ಮಂಡಿ ನೋವು, ಬಸ್ಸು ಹತ್ತಲಾಗದು ಅಂದರು. ನನಗೆ ಸಿಟ್ಟು ಬಂತು. ನನ್ನ ಮಗಳ ಸುದ್ದಿ ತರುವ ದಾರಿ ಅದೊಂದೇ ಆಗಿತ್ತು.

ಯುಗಾದಿಯ ಹೊತ್ತಿಗೆ ಅವರು ಕೆಮ್ಮುತ್ತಿದ್ದರು. ಬರೀ ನೆಗಡಿ, ಒಲೆ ಹೊಗೆ ಎಂದು ತಳ್ಳಿಹಾಕಿದರು. ಆದರೆ ಆ ಕೆಮ್ಮು ನನಗೆ ಗೊತ್ತು. ನನ್ನ ಕೆಮ್ಮೇ ನನ್ನನ್ನು ಬಿಟ್ಟು ಹೋಗಿ ಅವರ ಗಂಟಲಲ್ಲಿ ಕೂತಿತ್ತು. ಅದೇ ಮೊದಲ ಎರಡು ಸಣ್ಣವು, ಆಮೇಲೆ ಉದ್ದನೆಯದು. ಗೋಡೆಯ ಆಚೆಯಿಂದ ಕೇಳುವಾಗ, ಕೆಮ್ಮುತ್ತಿರುವುದು ನಾನೋ ಅವರೋ ಎಂದು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಯಜಮಾನರು ಬಲವಂತದಿಂದ ಅವರ ಎಕ್ಸ್‌ರೇ ತೆಗೆಸಿದಾಗ ಎರಡೂ ಕಡೆಯ ಶ್ವಾಸಕೋಶ ಹೋಗಿತ್ತು.

ಡಾಕ್ಟರು ಇಂಜೆಕ್ಷನ್ ಶುರುಮಾಡಿ, ಸೊಸೆಯ ಎಂಜಲೇನಾದರೂ ತಿಂದಿರಾ ಎಂದು ಕೇಳಿದರು. ಅತ್ತೆ ಇಲ್ಲವೆಂದು ತಲೆ ಆಡಿಸಿದರು.

"ಎಂಜ್ಲಲ್ಲ ಸ್ವಾಮಿ, ಪ್ರಸಾದ. ಲಿಂಗಕ್ಕೆ ತೋರ್ಸಿದ್ನ ಎಂಗೆ ಚೆಲ್ಲಾದು?"

ನಾನು ಉಳಿಸಿದ ಅರ್ಧ ಲೋಟ. ದಿನವೂ.

ಬಚ್ಚಲಿಗೆ ಸುರಿಯುತ್ತಾರೆ ಎಂದುಕೊಂಡಿದ್ದೆ. ಪ್ರಸಾದವನ್ನು ಚೆಲ್ಲಬಾರದು ಎಂದು ನಮ್ಮ ಮನೆಗಳಲ್ಲಿ ತಟ್ಟೆ ತೊಳೆದು ಕುಡಿಯುವವರಿದ್ದಾರೆ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಣಬೆಯನ್ನು ಅವರು ನಿಜಕ್ಕೂ ಪ್ರಸಾದ ಎಂದು ನಂಬಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ. "ಲೋಟದಿಂದಲೇ ಎಂದು ಹೇಳಲಾಗದಮ್ಮ. ಇಷ್ಟು ದಿನ ಆ ಕೋಣೆಯ ಗಾಳಿ ಕುಡಿದಿದ್ದಾರೆ, ಅದೇ ಸಾಕು," ಎಂದು ಡಾಕ್ಟರು ಆಮೇಲೆ ನನಗೆ ಸಮಾಧಾನ ಹೇಳಿದರು. ಲೋಟವಾಗಲಿ ಗಾಳಿಯಾಗಲಿ, ಎರಡೂ ನನ್ನವೇ ತಾನೇ?

ಆಷಾಢದಲ್ಲಿ ಅತ್ತೆ ಹೋದರು. ಹರವೆಯ ನಮ್ಮ ಹೊಲದಲ್ಲಿ ಸಮಾಧಿ ಮಾಡಿದರು.

ಅಣಬೆ ನನ್ನನ್ನು ಉಳಿಸಿತೇ ಎಂದು ನೆಂಟರು ಕೇಳುತ್ತಾರೆ. ಉಳಿಸಿದ್ದು ಇಂಜೆಕ್ಷನ್ ಎಂದು ಡಾಕ್ಟರು ಹೇಳುತ್ತಾರೆ, ನಾನು ಅದನ್ನು ನಂಬುತ್ತೇನೆ. ಒಂದೇ ಲೋಟದಲ್ಲಿ ಇಬ್ಬರೂ ಕುಡಿದೆವು, ಇಂಜೆಕ್ಷನ್ ಸಕಾಲಕ್ಕೆ ಸಿಕ್ಕಿದ್ದು ನನಗೊಬ್ಬಳಿಗೆ. ಇದಕ್ಕಿಂತ ಸಾಕ್ಷಿ ಬೇಕೆ? ಆದರೂ ನಿದ್ದೆ, ಹಸಿವು ಬಂದದ್ದು ಆ ಕಷಾಯ ಕುಡಿಯಲು ಹಿಡಿದ ಮೇಲೆಯೇ. ಅದು ಅಣಬೆಯ ಗುಣವೋ, ಪಕ್ಕದಲ್ಲಿ ಕೂತು ಕುಡಿಸಿದವರದೋ, ಬೇರ್ಪಡಿಸಿ ಹೇಳಲು ನನಗೆ ಬಾರದು. ಈಗ ಮನೆಯಲ್ಲಿ ಯಾರೂ ಕೆಮ್ಮುವುದಿಲ್ಲ. ಆದರೂ ಮಧ್ಯಾಹ್ನ ಒಬ್ಬಳೇ ಇರುವಾಗ ನಡುಮನೆಯಿಂದ ಕೇಳುತ್ತದೆ, ಎರಡು ಸಣ್ಣವು, ಒಂದು ಉದ್ದನೆಯದು. ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

ಹೋದ ವಾರ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, "ಮಗುವನ್ನು ಕರೆಸಿಕೊಳ್ಳಿ," ಅಂದರು. ಅಕ್ಕ ಕರೆದುಕೊಂಡು ಬಂದಳು. ಮಗಳು ನಡೆಯುತ್ತಾಳೆ. ನನ್ನನ್ನು ಕಂಡು ಅಕ್ಕನ ಸೀರೆಯ ಹಿಂದೆ ಬಚ್ಚಿಟ್ಟುಕೊಂಡಳು. ಅತ್ತೆಯ ಮಾತು ಬಂತು. ಕಡೆಯ ದಿನಗಳಲ್ಲಿ ಮಂಡಿ ನೋವೆಂದು ಮೊಮ್ಮಗಳನ್ನು ನೋಡಲೂ ಬರಲಿಲ್ಲವಲ್ಲ ಎಂದೆ.

"ಬಂದಿದ್ರು ಕಣಮ್ಮಿ, ಶಿವರಾತ್ರಿ ಆದ್ಮೇಲೆ ಒಂದ್ಸಲ," ಅಂದಳು ಅಕ್ಕ. "ಒಳಕ್ ಬನ್ನಿ ಅಂದ್ರೆ ಬರ್ನಿಲ್ಲ. ಬೀದಿ ಆಚ್ಗೆ ನಿಂತ್ಕಂಡು ಮಗೀನ ಎತ್ತಿ ತೋರ್ಸು ಅಂದ್ರು. ಬಾಯ್ಗೆ ಸೆರಗು ಮುಚ್ಕಂಡು ವಸಿ ಹೊತ್ತು ನೋಡುದ್ರು. ಅಂಗೇ ಬಸ್ಸಿಗೆ ಓಗ್ಬುಟ್ರು. ನನ್ ಮೇಲೆ ಏನೋ ಮುನಿಸು ಅಂತ ನಾನೂ ಸುಮ್ಕಾದೆ."



ಅವರಿಗೆ ಆಗಲೇ ಗೊತ್ತಿತ್ತು. ಹೇಳಿದ್ದರೆ ಅವರೂ ಒಂದು ಕೋಣೆ ಸೇರಬೇಕಾಗುತ್ತಿತ್ತು, ನನ್ನ ಕೋಣೆಗೆ ಬರುವವರು ಯಾರೂ ಇರುತ್ತಿರಲಿಲ್ಲ. ಯುಗಾದಿ ದಾಟುವ ತನಕ ಬಾಯಿ ಬಿಡದೆ ಗಂಜಿ ತಂದರು.

ಮಗಳು ಈಗ ಹತ್ತಿರ ಬರುತ್ತಾಳೆ. ನಿನ್ನೆ ತಾನಾಗಿಯೇ ಕೈ ಚಾಚಿದಳು, ಎತ್ತಿಕೊಂಡೆ. ಭಯವಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಅವಳನ್ನು ಎತ್ತಿಕೊಂಡಿರುವಷ್ಟು ಹೊತ್ತೂ ಮುಖ ಆಚೆ ತಿರುಗಿಸಿಯೇ ಉಸಿರು ಬಿಡುತ್ತೇನೆ.