ತಕರಾರಿಲ್ಲ

ಹೋದ ವಾರ ವಕೀಲರ ಮಗಳು ಆಳಂದಕ್ಕೆ ಹುಡುಕಿಕೊಂಡು ಬಂದು, ಕೆಂಪು ಬಟ್ಟೆಯಲ್ಲಿ ಕಟ್ಟಿದ ನಮ್ಮ ಹಳೇ ಫೈಲು ಕೊಟ್ಟು ಹೋದಳು. ಗಂಟು ಬಿಚ್ಚಿದರೆ ನುಸಿಗುಳಿಗೆಯ ವಾಸನೆ. ವಕೀಲರ ಕರಿ ಕೋಟಿಗೂ ಅದೇ ವಾಸನೆಯಿತ್ತು…

ಜೇವರ್ಗಿ ಕಡೆಯಿಂದ ಬಂದು ಅಫಜಲಪುರದಲ್ಲಿ ನೆಲೆಸಿದವರು, ನಮ್ಮ ಎದುರುಮನೆಯವರು. ನಮ್ಮ ಮನೆಯ ಜಾಗ ತನ್ನದೆಂದು ಪಕ್ಕದ ಗೋದಾಮಿನವನು ದಾವೆ ಹಾಕಿದಾಗ ಅಮ್ಮಿ ಅವರ ಹತ್ತಿರವೇ ಓಡಿದಳು. ಅವರದೊಂದು ಹಟವಿತ್ತು. ವಕಾಲತ್ತಿನ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿರಲಿಲ್ಲ.

"ಮೊದ್ಲ ಹೆಸರು ಬರಿಯಾಕ ಕಲೀರಿ ಅಕ್ಕಾರ, ಆಮ್ಯಾಲೆ ಕೇಸು," ಎಂದು ತಾವೇ ಅಂಗಳದಲ್ಲಿ ಕೂರಿಸಿ ಕಲಿಸುತ್ತಿದ್ದರು. ತೊಗರಿ ಕೊಯ್ದು ಬಿರುಕುಬಿಟ್ಟ ಕೈಯಲ್ಲಿ ಅಮ್ಮಿ ಎಂಟು ದಿನ ಸ್ಲೇಟಿನ ಮೇಲೆ ತಿದ್ದಿದಳು. ಸಹಿ ಮಾಡಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಹಾಗೆ ಸಹಿ ಕಲಿತವರೇ ಓಟು ಹಾಕಿ ಅವರನ್ನು ಎಮ್ಮೆಲ್ಲೆ ಮಾಡಿದರು. ಬೆಂಗಳೂರಿಗೆ ಹೋದವರಿಗೆ ನಮ್ಮ ಕೋರ್ಟು ಮರೆತೇಹೋಯಿತು. ಪ್ರತಿ ಪೇಶಿಗೂ, ಅಂದರೆ ವಿಚಾರಣೆಯ ದಿನ, ಅವರ ಜೂನಿಯರ್ ಬಂದು ಮುಂದಿನ ತಾರೀಖು ಕೇಳಿ ಹೋಗುತ್ತಿದ್ದ. ಬೇರೆ ವಕೀಲರನ್ನು ಹಿಡಿಯೋಣವೆಂದರೆ, ಮೊದಲಿನವರು 'ತಕರಾರಿಲ್ಲ' ಎಂದು ಬರೆದು ಸಹಿ ಮಾಡುವವರೆಗೆ ಯಾರೂ ಫೈಲು ಮುಟ್ಟುವುದಿಲ್ಲ. ಹೋಗಿ ಕೇಳೆಂದು ನಾನು ಅಮ್ಮಿಯೊಡನೆ ಜಗಳವಾಡಿದೆ.

"ಸಹಿ ಕಲಿಸಿದವ್ರಿಗೇ, ನನ್ನ ಬಿಡಾಕ ಸಹಿ ಮಾಡ್ರಿ ಅಂತ ಹೆಂಗ ಕೇಳ್ಲಿ ಬೇ?" ಎಂದಳು.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಅನ್ನುತ್ತಾರೆ. ಒಂದು ಪೇಶಿಗೆ ಜೂನಿಯರೂ ಬರಲಿಲ್ಲ. ತೀರ್ಪು ಗೋದಾಮಿನವನ ಪರವಾಯಿತು. ಮನೆ ಬಿಟ್ಟು ಬಂದು, ಆಳಂದದ ಬಾಡಿಗೆ ಕೋಣೆಯಲ್ಲಿ ಅಮ್ಮಿ ತೀರಿಕೊಂಡಳು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಒಮ್ಮೆ ನೋಡಿದೆ, ಕೋರ್ಟಿನ ಬೇವಿನ ಮರದ ಕೆಳಗೆ ಅದೇ ಕೋಟು ಹಾಕಿಕೊಂಡು ಒಬ್ಬರೇ ಕೂತಿದ್ದರು. ಎದುರಿನ ಬೆಂಚು ಖಾಲಿ.

"ಅಮ್ಮಿ ಹೆಂಗದಾರವ್ವ?"

"ಹೋದ್ರರಿ," ಅಂದೆ.

ತಲೆ ತಗ್ಗಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಈಗ ಅವರೂ ಇಲ್ಲ. ಫೈಲಿನ ಮೊದಲ ಹಾಳೆಯಲ್ಲಿ ಅಮ್ಮಿಯ ಸೊಟ್ಟ ಸಹಿ. ಅದರ ಹಿಂದೆ ಗುಂಡುಸೂಜಿ ಚುಚ್ಚಿದ ಇನ್ನೊಂದು ಕಾಗದ. 'ತಕರಾರಿಲ್ಲ' ಎಂದು ಬರೆದು ಅವರು ಸಹಿ ಮಾಡಿದ್ದಾರೆ. ತಾರೀಖು ನೋಡಿದೆ… ಅವರು ಗೆದ್ದ ಮರುದಿನದ್ದು. ಹೊಸ ವಕೀಲರ ಹೆಸರು ಬರೆಯಲು ಜಾಗ ಬಿಟ್ಟಿದ್ದಾರೆ. ಕೇಳಲಿ ಎಂದು ಅವರು ಕಾದರೋ, ಕೊಡಲು ಅವರಿಗೂ ನಾಚಿಕೆಯಾಯಿತೋ. ಅಮ್ಮಿ ಕೇಳಲಿಲ್ಲ, ಅವರು ಕೊಡಲಿಲ್ಲ.

ನಮ್ಮ ಎರಡು ಮನೆಗಳ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.